ನೋವಿಲ್ಲದ ಕಣ್ಣು

ಪ್ರೇಮಲೀಲಾ ಯಾರನ್ನಾದರೂ ಮೆಚ್ಚಿದ್ದನ್ನು ಕೃಷ್ಣಮೂರ್ತಿಪುರಂನಲ್ಲಿ ಕಂಡವರಿಲ್ಲ. ಎದುರುಮನೆಯವರ ರಂಗೋಲಿ ಸೊಟ್ಟ. ಹಾಲಿನವನು ತರುವುದು ಹಾಲಲ್ಲ, ಹಾಲಿನ ಪಾತ್ರೆ ತೊಳೆದ ನೀರು. ಸೋಮವಾರದ ಪ್ರವಚನಕ್ಕೆ ಬರುವ ಶಾಸ್ತ್ರಿಗಳಿಗೆ ಶಕಾರಕ್ಕೂ ಸಕಾರಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ. ಗಂಡ ಸದಾಶಿವಯ್ಯ ಮಠದ ವಿದ್ಯಾರ್ಥಿನಿಲಯದಲ್ಲಿ ಗುಮಾಸ್ತ, ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಉಪ್ಪಿಟ್ಟು ತಣ್ಣಗಾದರೂ ಏಳದ ಸಾಧು ಮನುಷ್ಯ. “ನಮ್ಮನೆಯವರು ಒಳ್ಳೆಯವರು” ಎಂದು ಅವಳು ಒಮ್ಮೊಮ್ಮೆ ಹೇಳುವುದಿತ್ತು. ಹೇಳುವ ಧಾಟಿ ಮಾತ್ರ “ನಮ್ಮನೆ ಒರಳುಕಲ್ಲು ಭಾರ” ಅನ್ನುವ ಹಾಗಿರುತ್ತಿತ್ತು. ಒಬ್ಬಳೇ ಮಗಳು ನಂಜನಗೂಡಿಗೆ ಮದುವೆಯಾಗಿ ಹೋಗಿದ್ದಳು. ಹಬ್ಬಕ್ಕೆ ತವರಿಗೆ ಬಂದರೂ ತಾಯಿ ಇದ್ದಾಗ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ.

ಪ್ರೇಮಲೀಲಾಗೆ ಸಂಬಳ ಬರುತ್ತಿದ್ದುದೂ ತಪ್ಪು ಹುಡುಕುವುದಕ್ಕೇ. ಮಾನಂದವಾಡಿ ರಸ್ತೆಯ ಒಂದು ಖಾಸಗಿ ರೇಷ್ಮೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳು ಸೀರೆಗಳ ತಪಾಸಣೆ ಮಾಡುತ್ತಿದ್ದಳು. ಅಡಿಯಿಂದ ಟ್ಯೂಬ್‌ಲೈಟ್ ಬೆಳಗುವ ಗಾಜಿನ ಮೇಜು. ಮಗ್ಗದಿಂದ ಇಳಿದ ಸೀರೆ ಅದರ ಮೇಲೆ ಮೊಳ ಮೊಳವಾಗಿ ಸರಿಯಬೇಕು. ಉದ್ದದ ಹಾಸಿನಲ್ಲಿ ಒಂದೆಳೆ ಕಡಿದಿದ್ದರೆ, ಅಡ್ಡದ ಹೊಕ್ಕಿನಲ್ಲಿ ಒಂದೆಳೆ ತಪ್ಪಿದ್ದರೆ, ಎಣ್ಣೆಯ ಚುಕ್ಕೆ ಸಾಸಿವೆಯಷ್ಟೇ ಇದ್ದರೂ ಅವಳ ಬೆರಳು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಕೆಂಪು ದಾರದ ತುಣುಕು ಕಟ್ಟಿ ಪಕ್ಕಕ್ಕೆ ತಳ್ಳಿದಳೆಂದರೆ ಆ ಸೀರೆ ‘ಸೆಕೆಂಡ್ಸ್’. ಸೂಪರ್‌ವೈಸರ್ ಬಿಂದುಮಾಧವ ಎಷ್ಟು ಗೋಗರೆದರೂ ಅದು ಮತ್ತೆ ಮೊದಲ ದರ್ಜೆಗೆ ಏರುತ್ತಿರಲಿಲ್ಲ. ನೇಯುವವರು ಅವಳ ಬೆನ್ನ ಹಿಂದೆ ಅವಳನ್ನು ಹದ್ದು ಅನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. “ಹದ್ದು ಕಣ್ಣಾದ್ರೂ ಬಿಟ್ಕೊಂಡಿರುತ್ತೆ. ಇವರು ಮಗ್ಗದ ಮುಂದೆ ನಿದ್ದೆ ಮಾಡ್ತಾರೆ” ಎಂದು ಬಿಟ್ಟಿದ್ದಳು.

ಪಕ್ಕದ ಮೇಜಿನಲ್ಲಿ ಸೀರೆ ಮಡಿಸುತ್ತಿದ್ದವಳು ಚಾಮುಂಡಮ್ಮ. ಹಿನಕಲ್ಲಿನ ಒಕ್ಕಲು ಮನೆಯವಳು. ಅವಳ ಮಾವನ ರಾಗಿ ಹೊಲದ ಮೇಲೆ ವಿಜಯನಗರದ ಬಡಾವಣೆ ಎದ್ದು, ಗಂಡ ತೀರಿಹೋಗಿ, ಮಗ ದೇವರಾಜು ಆಟೋ ಓಡಿಸುವ ಹೊತ್ತಿಗೆ ಅವಳು ಮಿಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು. ಮಿಲ್ಲಿನಲ್ಲಿ ಯಾರಿಗೆ ಸೀನು ಬಂದರೂ ಅವಳಲ್ಲಿ ಒಂದು ಹರಕೆ, ಒಂದು ಸೊಪ್ಪು, ಒಂದು ತಾಯತ ಸಿದ್ಧವಿರುತ್ತಿತ್ತು. ಪ್ರೇಮಲೀಲಾ ಅವಳನ್ನು ಮಾತಾಡಿಸುತ್ತಿದ್ದುದು ಮಡಿಕೆ ಸೊಟ್ಟವಾದಾಗ ಮಾತ್ರ.

ತೊಂಬತ್ತೇಳರ ಶ್ರಾವಣದಲ್ಲಿ ಪ್ರೇಮಲೀಲಾಗೆ ತಲೆನೋವು ಬಂತು. ತಲೆಯ ಎಡಗಡೆ ಮಾತ್ರ. ಎರಡು ದಿನ ಬಾಚಣಿಗೆ ತಾಗಿಸಿದರೂ ಕೂದಲ ಬುಡ ಉರಿಯಿತು. ಹಣೆಗೆ ನೋವಿನ ಮುಲಾಮು ತಿಕ್ಕಿಕೊಂಡು ಕೆಲಸಕ್ಕೆ ಹೋದಳು. ಮೂರನೆಯ ದಿನ ಎಡಹುಬ್ಬಿನಿಂದ ನೆತ್ತಿಯ ಕಡೆಗೆ ಕೆಂಪು ಗುಳ್ಳೆಗಳ ಸಾಲು ಎದ್ದಿತು. ಸಾಲು ಹಣೆಯ ಮಧ್ಯಕ್ಕೆ ಬಂದು ಗೆರೆ ಎಳೆದ ಹಾಗೆ ನಿಂತಿತ್ತು, ಬಲಗಡೆ ಒಂದೂ ಇರಲಿಲ್ಲ. ಮುಲಾಮಿನಿಂದ ಚರ್ಮ ಸುಟ್ಟಿರಬೇಕೆಂದುಕೊಂಡಳು. ಮುಲಾಮು ಮಾಡಿದವರನ್ನು ಬೈದಳು.

ಚಾಮುಂಡಮ್ಮ ನೋಡಿದವಳೇ ಕೈಯಲ್ಲಿದ್ದ ಸೀರೆ ಬಿಟ್ಟಳು.

“ಅಯ್ಯೋ ಅಕ್ಕ, ಇದು ಸರ್ಪಸುತ್ತು ಕಣಕ್ಕ! ಸುತ್ತು ಬಂದು ತಲೆಗೂ ಬಾಲಕ್ಕೂ ಕೂಡ್ಕೊಂಡ್ರೆ ಮನ್ಸ ಉಳಿಯಾಕಿಲ್ಲ. ನಮ್ಮೂರಲ್ಲಿ ಒಬ್ಬ ಮುದ್ಕ ಅವ್ನೆ, ಕೆಮ್ಮಣ್ಣು ಅರೆದು ಮಂತ್ರ ಹಾಕಿ ಬರೀತಾನೆ. ಮೂರು ದಿನಕ್ಕೆ ಬಾಡೋಯ್ತದೆ. ಈಗ್ಲೇ ಬನ್ನಿ, ನಾನೇ ಕರ್ಕೊಂಡೋಯ್ತೀನಿ.”

“ತಲೆ ಯಾವುದು, ಬಾಲ ಯಾವುದು?” ಎಂದಳು ಪ್ರೇಮಲೀಲಾ.

“ಆಂ?”

“ನಿನ್ನ ಹಾವಿನ ತಲೆ ಯಾವ ಗುಳ್ಳೆ, ಬಾಲ ಯಾವ ಗುಳ್ಳೆ ಅಂತ ತೋರಿಸು. ಆಮೇಲೆ ಮುದುಕನ ಹತ್ರ ಹೋಗೋಣ. ತೋರಿಸೋಕಾಗಲ್ಲ ತಾನೆ? ಸೀರೆ ಎತ್ತಿಕೋ. ನೆಲ ಒರೆಸೋಕಲ್ಲ ಅದು.”

ಸುತ್ತ ನಿಂತವರು ನಕ್ಕರು. ಚಾಮುಂಡಮ್ಮ ಸೀರೆ ಎತ್ತಿಕೊಂಡಳು.

ಮನೆಯಲ್ಲಿ ಸದಾಶಿವಯ್ಯ ಇನ್ನೂ ಹೆದರಿದರು. ಹಣೆಯನ್ನು ದೂರದಿಂದಲೇ ನೋಡಿ, ಕೈ ಹಿಸುಕಿಕೊಳ್ಳುತ್ತ, ತಮ್ಮ ಊರಿನ ಹಿತ್ತಲಲ್ಲಿ ಹುಡುಗರಾಗಿದ್ದಾಗ ಒಂದು ಹಾವಿನ ಮರಿಗೆ ಕಲ್ಲು ಹೊಡೆದಿದ್ದನ್ನು ಒಪ್ಪಿಕೊಂಡರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಹೇಳಿರಲಿಲ್ಲ.

“ಸತ್ತಿತಾ?”

“ಗೊತ್ತಿಲ್ಲ. ಪೊದೆ ಒಳಕ್ಕೆ ಹೋಯ್ತು.”

“ಕಲ್ಲು ಹೊಡೆದವರು ನೀವು, ಹಣೆ ನನ್ನದು. ಆ ಹಾವಿಗೆ ವಿಳಾಸ ತಪ್ಪಿತೇನ್ರೀ?”

ಹಾಗೆ ಅಂದವಳು ಮರುದಿನ ಸಂಜೆ ಅಗ್ರಹಾರದ ಬಳಿಯ ಮಹದೇವಪ್ಪ ಡಾಕ್ಟರಲ್ಲಿಗೆ ಹೋದಳು. ವಯಸ್ಸಾದ ಡಾಕ್ಟರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು. ಅವಳ ಕಣ್ಣಿಗೆ ಅದೇ ಮೊದಲು ಬಿತ್ತು. ಅವರು ಹಣೆ ನೋಡಿದರು, ಕತ್ತು ಬಾಗಿಸಿ ಮೂಗು ನೋಡಿದರು. ಮೂಗಿನ ತುದಿಯಲ್ಲಿ ಎಡಕ್ಕೆ ಒಂದು ಗುಳ್ಳೆ ಮೊಳೆತಿತ್ತು. ಡಾಕ್ಟರರ ಮುಖ ಗಂಭೀರವಾಯಿತು.

“ಈ ಮಾತ್ರೆ ದಿನಕ್ಕೆ ಐದು ಸಲ, ಒಂದು ವಾರ. ಇದನ್ನ ಮೊದಲನೇ ದಿನವೇ ಶುರು ಮಾಡಬೇಕಿತ್ತು. ಸ್ವಲ್ಪ ದುಬಾರಿ, ಆದರೂ ಬಿಡಬೇಡಿ. ಮತ್ತೆ ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.”

“ಕಣ್ಣಿಗೆ ಏನೂ ಆಗಿಲ್ಲವಲ್ಲ.”

“ಮೂಗಿನ ತುದಿಗೂ ಕಣ್ಣಿನ ಒಳಕ್ಕೂ ಒಂದೇ ನರ ಹೋಗುತ್ತಮ್ಮ. ಇಲ್ಲಿ ಗುಳ್ಳೆ ಬಂತು ಅಂದ್ರೆ ಅಲ್ಲಿಗೂ ಬರೋ ಸಾಧ್ಯತೆ ಜಾಸ್ತಿ.”

ಮಾತ್ರೆ ಕೊಂಡಳು. ಕಣ್ಣಿನ ಡಾಕ್ಟರಲ್ಲಿಗೆ ಹೋಗಲಿಲ್ಲ. ಮೂಗು ನೋಡಿ ಕಣ್ಣಿಗೆ ಚೀಟಿ ಬರೆಯುವವನು, ಮೊಣಕಾಲು ನೋಡಿ ಹಲ್ಲು ಕೀಳಿಸುವವನೇ ಸರಿ ಎಂದು ಮನೆಯಲ್ಲಿ ಹೇಳಿದಳು. ಕನ್ನಡಕಕ್ಕೆ ದಾರ ಸುತ್ತಿಕೊಂಡವನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಟ್ಟಿದ್ದೇನೆ ಅಂತಲೂ ಸೇರಿಸಿದಳು.

ಎರಡು ದಿನ ಕಳೆದು ಎದ್ದಾಗ ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಹೋಗಿತ್ತು. ಬೆರಳಿನಿಂದ ಬಿಡಿಸಿದರೆ ಒಳಗೆ ರಕ್ತ ಕಟ್ಟಿದ ಹಾಗೆ ಕೆಂಪು. ಕಿಟಕಿಯ ಬೆಳಕು ಸೂಜಿಯಾಗಿ ಚುಚ್ಚಿತು. ಸದಾಶಿವಯ್ಯ ಆಟೋ ತಂದು ನಿಲ್ಲಿಸಿದರು.

ಕಣ್ಣಾಸ್ಪತ್ರೆಯಲ್ಲಿ ನೋಡಿದವಳು ಸುಷ್ಮಾ ಎಂಬ ವೈದ್ಯೆ. ಮೂವತ್ತು ದಾಟಿರಲಾರದು. ಬೆರಳಿಗೆ ಪೆನ್ನಿನ ಶಾಯಿ, ಕೋಟಿನ ಒಂದು ಗುಂಡಿಗೆ ಬೇರೆ ಬಣ್ಣದ ದಾರ. ಪ್ರೇಮಲೀಲಾ ಒಂದೇ ಕಣ್ಣಿನಲ್ಲಿ ಎರಡನ್ನೂ ಗುರುತಿಸಿದಳು. ಸುಷ್ಮಾ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ಯಂತ್ರದ ಮುಂದೆ ಗಲ್ಲ ಇರಿಸಿ ನೀಲಿ ಬೆಳಕಿನಲ್ಲಿ ನೋಡಿದಳು. ಕಣ್ಣಿನ ಒತ್ತಡ ಅಳೆದಳು. ಕೊನೆಗೆ ಹತ್ತಿಯನ್ನು ತೆಳ್ಳಗೆ ಎಳೆ ಮಾಡಿ ಬಲಗಣ್ಣಿನ ಕಪ್ಪುಗುಡ್ಡೆಗೆ ತಾಗಿಸಿದಳು. ಪ್ರೇಮಲೀಲಾ ಬೆಚ್ಚಿ ರೆಪ್ಪೆ ಮುಚ್ಚಿದಳು. ಎಡಗಣ್ಣಿಗೆ ತಾಗಿಸಿದಾಗ ಸುಮ್ಮನೆ ಕೂತಿದ್ದಳು.

“ತಾಗಿಸಿ” ಎಂದಳು.

“ತಾಗಿಸಿದೆ” ಎಂದಳು ಸುಷ್ಮಾ.

ಆಮೇಲೆ ವಿವರಿಸಿದಳು. ಇದು ಹಾವೂ ಅಲ್ಲ, ದೋಷವೂ ಅಲ್ಲ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ಇದು. ಗುಳ್ಳೆ ಒಣಗಿದರೂ ಅದು ಮೈ ಬಿಟ್ಟು ಹೋಗುವುದಿಲ್ಲ, ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದಾಗಲೋ ಮೈ ಸೋತಾಗಲೋ ಎದ್ದು ಆ ನರದ ದಾರಿ ಹಿಡಿದು ಹೊರಕ್ಕೆ ಬರುತ್ತದೆ.

ಪ್ರೇಮಲೀಲಾಗೆ ಏಳನೆಯ ವಯಸ್ಸಿನಲ್ಲಿ ಅಮ್ಮ ಎದ್ದಿತ್ತು. ಅವಳ ತಾಯಿ ಪುಟ್ಟಲಿಂಗಮ್ಮ ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ತಣ್ಣೀರು ಚಿಮುಕಿಸಿ, ಹನ್ನೊಂದನೆಯ ದಿನ ಮೊಸರನ್ನ ಮಾಡಿ ಊರ ಗಡಿಯವರೆಗೆ ಹೋಗಿ ಅಮ್ಮನನ್ನು ಕಳಿಸಿಕೊಟ್ಟು ಬಂದಿದ್ದಳು.

“ಅಂದ್ರೆ ನಲವತ್ತು ವರ್ಷದಿಂದ ನನ್ನ ತಲೆ ಒಳಗೇ ಇತ್ತು ಅಂತೀರಾ?”

“ಇತ್ತು.”

“ನಮ್ಮಮ್ಮ ಸುಮ್ಮನೆ ಮೊಸರನ್ನ ದಂಡ ಮಾಡಿದಳು ಅನ್ನಿ.”

ಸುಷ್ಮಾ ನಕ್ಕಳು, ಆದರೆ ಬೇಗ ನಗು ನಿಲ್ಲಿಸಿದಳು. “ನೋಡಿ ಅಮ್ಮ, ಒಂದು ಮಾತು ನೆನಪಿಟ್ಟುಕೊಳ್ಳಿ. ನಿಮ್ಮ ಎಡಗಣ್ಣಿನ ಸ್ಪರ್ಶ ಹೋಗಿದೆ. ಅದರ ಮೇಲಿನ ಗಾಜಿನಂಥ ಪೊರೆಗೆ ಧೂಳು ಬಿದ್ದರೂ, ಗಾಯ ಆದರೂ ನಿಮಗೆ ಗೊತ್ತಾಗಲ್ಲ. ಒಳಗಡೆ ಉರಿಯೂತ ಬೇರೆ ಇದೆ. ಈ ಹನಿಗಳನ್ನ ನಾನು ಹೇಳೋವರೆಗೆ ನಿಲ್ಲಿಸಬಾರದು, ಒಂದೇ ಸಲಕ್ಕಂತೂ ಬಿಡಲೇಬಾರದು. ವಾರ ವಾರ ಬಂದು ತೋರಿಸಬೇಕು. ನೋವಿಲ್ಲ ಅಂದ್ರೆ ವಾಸಿಯಾಯ್ತು ಅಂತ ಅಲ್ಲ.”

ಮೂರು ವಾರ ಪ್ರೇಮಲೀಲಾ ರಜೆ ಹಾಕಿ, ಸುಷ್ಮಾ ಹೇಳಿದ ಹಾಗೆ ನಡೆದುಕೊಂಡಳು. ಗಂಟೆಗಂಟೆಗೆ ಸದಾಶಿವಯ್ಯ ಹನಿ ಹಾಕಿದರು. ಹನಿ ಕೆನ್ನೆಗೆ ಬಿದ್ದರೆ “ಪಂಚಾಮೃತ ಕೊಡೋಕೆ ಲಾಯಕ್ಕು ನೀವು” ಎನ್ನುತ್ತಿದ್ದಳು. ಗುಳ್ಳೆಗಳು ಹಕ್ಕಳೆಗಟ್ಟಿ ಉದುರಿದವು. ಹಣೆಯ ಉರಿ ಮಾತ್ರ ಹೋಗಲಿಲ್ಲ. ಫ್ಯಾನಿನ ಗಾಳಿ ಬಿದ್ದರೆ ಯಾರೋ ಕಾದ ಸರಳು ಎಳೆದ ಹಾಗೆ ಆಗುತ್ತಿತ್ತು. ಕಣ್ಣೊಂದು ತಣ್ಣಗಿತ್ತು. ಕೆಂಪು ಇಳಿದಿತ್ತು, ನೀರು ನಿಂತಿತ್ತು. ಇಷ್ಟೆಲ್ಲ ನೋಯುವ ತಲೆಯಲ್ಲಿ ನೋಯದಿದ್ದದ್ದು ಆ ಕಣ್ಣೊಂದೇ.

ಅಷ್ಟರಲ್ಲಿ ಮಿಲ್ಲಿನಿಂದ ಸುದ್ದಿ ಬಂತು. ದೀಪಾವಳಿಯ ಮಾಲು ಹೋಗಬೇಕು, ತಪಾಸಣೆಯ ಮೇಜಿಗೆ ಬಿಂದುಮಾಧವ ಚಾಮುಂಡಮ್ಮನನ್ನು ಕೂರಿಸಿದ್ದಾನೆ.

ಪ್ರೇಮಲೀಲಾ ಮರುದಿನವೇ ಎದ್ದು ಹೊರಟಳು. ಸದಾಶಿವಯ್ಯ ಹನಿಯ ಸೀಸೆ ಹಿಡಿದು ಬಾಗಿಲವರೆಗೆ ಬಂದರು.

“ಡಾಕ್ಟರಮ್ಮ ಬಿಡಬಾರದು ಅಂದಿದ್ದರಲ್ಲೇ.”

“ಆ ಹುಡುಗಿಗೆ ತನ್ನ ಗುಂಡಿಗೆ ಸರಿಯಾದ ದಾರ ಹುಡುಕಿಕೊಳ್ಳೋಕೆ ಬರಲ್ಲ. ನನ್ನ ಕಣ್ಣು ನನಗೆ ಗೊತ್ತಾಗಲ್ವಾ? ಒಂದು ಚೂರು ನೋವಿಲ್ಲ. ಹನಿ ಹಾಕಿ ಹಾಕಿ ನಿಮಗೂ ಅದೇ ಒಂದು ಪೂಜೆ ಆಗಿಹೋಗಿದೆ.”

ಹೋದವಳು ಚಾಮುಂಡಮ್ಮನನ್ನು ಸ್ಟೂಲಿನಿಂದ ಎಬ್ಬಿಸಿದಳು. ಮೂರು ವಾರಗಳಲ್ಲಿ ಅವಳು ದಾಟಿಸಿದ್ದ ಸೀರೆಗಳನ್ನೆಲ್ಲ ಗೋದಾಮಿನಿಂದ ವಾಪಸು ತರಿಸಿ, ಅದರಲ್ಲಿ ಹನ್ನೊಂದಕ್ಕೆ ಎಲ್ಲರೆದುರಿಗೆ ಕೆಂಪು ದಾರ ಕಟ್ಟಿದಳು. ಚಾಮುಂಡಮ್ಮ ತನ್ನ ಜಾಗಕ್ಕೆ ಹೋಗಿ ಮಡಿಸತೊಡಗಿದಳು. ಆ ದಿನ ಪ್ರೇಮಲೀಲಾಗೆ ಹಣೆಯ ಉರಿಯೂ ಮರೆತುಹೋಗಿತ್ತು.

ರೇಷ್ಮೆ ಮಿಲ್ಲಿನ ಗಾಳಿಯಲ್ಲಿ ನೂಲಿನ ಸಣ್ಣ ನವಿರು ಹಾರಾಡುತ್ತಿರುತ್ತದೆ. ಕಣ್ಣಿಗೆ ಬಿದ್ದರೆ ಎಲ್ಲರೂ ಉಜ್ಜಿಕೊಳ್ಳುತ್ತಾರೆ, ಪಟಪಟ ರೆಪ್ಪೆ ಬಡಿಯುತ್ತಾರೆ. ಪ್ರೇಮಲೀಲಾಳ ಎಡರೆಪ್ಪೆ ಬಡಿಯುವುದನ್ನು ಮರೆತಿತ್ತು. ಬಿದ್ದದ್ದು ಅಲ್ಲೇ ಕೂತಿತು, ಕೆರೆಯಿತು, ಕಣ್ಣು ಒಣಗಿತು. ಅವಳಿಗೆ ಏನೂ ಗೊತ್ತಾಗಲಿಲ್ಲ. ಬಲಗಣ್ಣು ಇಬ್ಬರ ಕೆಲಸ ಮಾಡುತ್ತಿತ್ತು. ಮೇಜಿನ ಬೆಳಕು ಈಚೆಗೆ ಯಾಕೋ ಹರಡಿದ ಹಾಗೆ ಕಾಣುತ್ತದೆಂದು ಎರಡು ಸಲ ಟ್ಯೂಬ್‌ಲೈಟ್ ಬದಲಾಯಿಸಿ ಎಲೆಕ್ಟ್ರಿಷಿಯನ್ನನ್ನು ಬೈದಿದ್ದಳು, ಅಷ್ಟೆ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬಿಂದುಮಾಧವ ಒಂದು ಸೀರೆ ತಂದು ಮೇಜಿನ ಮೇಲೆ ಹಾಸಿದ. ಅವನು ಮೆತ್ತನೆಯ ಮನುಷ್ಯ. ಅವಳೊಂದಿಗೆ ಮಾತಾಡುವಾಗಲೆಲ್ಲ ನೆಲ ನೋಡುತ್ತಿದ್ದ.

“ಅಂಗಡಿಯಿಂದ ವಾಪಸ್ ಬಂದಿದೆ ಮೇಡಂ. ಗಿರಾಕಿ ಮನೆಗೆ ತಗೊಂಡು ಹೋಗಿ ನೋಡಿದ್ದಾರೆ.”

“ನಾನು ದಾಟಿಸಿದ ಸೀರೆಯಲ್ಲಿ ದೋಷ ಇರಲ್ಲ. ಗಿರಾಕಿ ಉಗುರು ತಾಗಿಸಿರ್ತಾಳೆ.”

“ಎಡಗಡೆ ಅಂಚು ನೋಡಿ.”

ನೋಡಿದಳು. ಕಾಣಲಿಲ್ಲ. ಬಿಂದುಮಾಧವ ಬೆರಳಿಟ್ಟು ತೋರಿಸಿದ. ಅವಳು ಕತ್ತು ಹೊರಳಿಸಿ ಬಲಗಣ್ಣನ್ನು ಅಲ್ಲಿಗೆ ತಂದಾಗ ಕಂಡಿತು. ಹಾಸಿನ ಮೂರೆಳೆ ಕಡಿದು ಗೇಣುದ್ದ ಬಾಯಿ ಬಿಟ್ಟಿತ್ತು. ಹೊಸದಾಗಿ ಸೇರಿದವರಿಗೂ ಕಾಣುವಂಥದ್ದು.

ಅವಳು ಮೆಲ್ಲಗೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಸೀರೆ ಇರಲಿಲ್ಲ, ಮೇಜಿರಲಿಲ್ಲ, ಬಿಂದುಮಾಧವನೂ ಇರಲಿಲ್ಲ. ಒಡೆದ ಹಾಲಿನೊಳಗಿಂದ ನೋಡಿದ ಹಾಗೆ ಬರೀ ಬೆಳ್ಳಗೆ ಮಬ್ಬು. ಕೈ ತೆಗೆದಳು, ಮತ್ತೆ ಮುಚ್ಚಿದಳು. ಪಕ್ಕದ ಮೇಜಿನ ಸದ್ದು ನಿಂತಿತ್ತು. ಚಾಮುಂಡಮ್ಮ ನೋಡುತ್ತಿದ್ದಾಳೆಂದು ತಿರುಗದೆಯೇ ಗೊತ್ತಾಯಿತು. ಪ್ರೇಮಲೀಲಾ ಒಂದು ಕೆಂಪು ದಾರ ತೆಗೆದು ತಾನೇ ಆ ಸೀರೆಗೆ ಕಟ್ಟಿ, ಚೀಲ ತೆಗೆದುಕೊಂಡು ಹೊರಟುಹೋದಳು.

ಸುಷ್ಮಾ ಮತ್ತೆ ಹಳದಿ ಹನಿ ಹಾಕಿ ನೋಡಿದಳು. ಪೊರೆಯ ನಡುವೆ ಹುಣ್ಣಾಗಿ ಆಳಕ್ಕೆ ಇಳಿದಿತ್ತು.

“ನೋವಿಲ್ಲ ಅಂತ ಬಿಟ್ಟುಬಿಟ್ರಾ?”

ಪ್ರೇಮಲೀಲಾ ಯಂತ್ರದಿಂದ ಗಲ್ಲ ತೆಗೆದಳು.

“ನಾನು ಅಷ್ಟು ಬಿಡಿಸಿ ಹೇಳಿದ್ದೆ.”

“ಹೇಳಿದ್ರಿ” ಎಂದಳು.

ಹುಣ್ಣು ಒಣಗಲೆಂದು ಎಡಗಣ್ಣಿನ ಹೊರಗಡೆಯ ಅರ್ಧ ರೆಪ್ಪೆಗಳನ್ನು ಸೇರಿಸಿ ಹೊಲಿದರು. ಎರಡು ತಿಂಗಳಿಗೆ ಹುಣ್ಣು ಒಣಗಿತು, ಜಾಗದಲ್ಲಿ ಸುಣ್ಣದ ಬೊಟ್ಟಿನಂಥ ಬಿಳಿ ಕಲೆ ಉಳಿಯಿತು. ಬೇರೆಯವರ ಕಣ್ಣಿನ ಪೊರೆ ತಂದು ಹಾಕಬಹುದೇ ಎಂದು ಸದಾಶಿವಯ್ಯ ಕೇಳಿದರು. ಸ್ಪರ್ಶವಿಲ್ಲದ ಕಣ್ಣಿನಲ್ಲಿ ಹೊಸ ಪೊರೆಗೂ ಅದೇ ಗತಿಯಾಗುವ ಸಂಭವ ಹೆಚ್ಚು ಎಂದಳು ಸುಷ್ಮಾ. ಆ ಕಣ್ಣಿಗೆ ಉಳಿದದ್ದು ಮುಖದ ಮುಂದೆ ಕೈ ಆಡಿಸಿದರೆ ನೆರಳು ಆಡಿದ್ದು ತಿಳಿಯುವಷ್ಟು.

ಬಂದವರೆಲ್ಲ ಒಂದೇ ರಾಗ ಹಾಡಿದರು. ಸುಬ್ರಹ್ಮಣ್ಯಕ್ಕೆ ಹೋಗಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ಕೆಮ್ಮಣ್ಣು ಬರೆಸಿದ್ದರೆ ಹಾವು ಕಣ್ಣಿಗೆ ಇಳಿಯುತ್ತಿರಲಿಲ್ಲ. ಪ್ರೇಮಲೀಲಾ ಅವರಿಗೆ ಕಾಫಿ ಕೊಡುತ್ತಿದ್ದಳು, ತೆಳ್ಳಗಿನ ಕಾಫಿ. ಆದರೆ ಅವರ ಮೇಲೆ ಮೊದಲಿನ ಹಾಗೆ ಹರಿಹಾಯಲು ನಾಲಿಗೆ ಏಳುತ್ತಿರಲಿಲ್ಲ. ಆ ಮೂರ್ಖರು ಮುದುಕನೊಬ್ಬನ ಮಂತ್ರ ನಂಬಿದ್ದರು. ಇವಳು ನಂಬಿದ್ದು ತನ್ನನ್ನೇ. ಇಪ್ಪತ್ತೆರಡು ವರ್ಷ ಸಾಸಿವೆಯಷ್ಟು ಕಲೆ ಬಿಡದೆ ಹಿಡಿದವಳು, ಸ್ವಂತ ಮುಖದ ಮೇಲಿನ ಕಲೆಯನ್ನು ದಿನವೂ ಕುಂಕುಮ ಇಡುವಾಗ ಕನ್ನಡಿಯಲ್ಲಿ ನೋಡಿ, ಸರಿಯಿದೆ ಎಂದು ದಾಟಿಸಿದ್ದಳು. ಚಾಮುಂಡಮ್ಮನನ್ನು ಅವಳು ಪೆದ್ದಿ ಎನ್ನುತ್ತಿದ್ದಳು. ಪೆದ್ದಿಗಾದರೂ ತಾನು ಪೆದ್ದಿ ಎಂಬ ಅನುಮಾನ ಇರುತ್ತದೆ. ತನಗೆ ಅದೂ ಇರಲಿಲ್ಲ. ಜೀವನದಲ್ಲಿ ಎಷ್ಟೋ ಜನರನ್ನು ತುಚ್ಛವಾಗಿ ಕಂಡಿದ್ದಳು, ಆದರೆ ಆ ವರ್ಷ ಕನ್ನಡಿಯೊಳಗಿನ ಹೆಂಗಸನ್ನು ಕಂಡಷ್ಟು ಯಾರನ್ನೂ ಕಂಡಿರಲಿಲ್ಲ.

ಬಿಂದುಮಾಧವ ಅವಳನ್ನು ನೂಲಿನ ದಾಸ್ತಾನಿಗೆ ಹಾಕಿಸಿದ. ಲಡಿಗಳನ್ನು ಬಣ್ಣದ ಪ್ರಕಾರ ಕಪಾಟಿಗೆ ಜೋಡಿಸುವ ಕೆಲಸ. ತಪಾಸಣೆಯ ಮೇಜು ಚಾಮುಂಡಮ್ಮನಿಗೆ ಹೋಯಿತು. ಅವಳು ಮೊದಲ ದಿನ ದಾಸ್ತಾನಿಗೆ ಬಂದು, ಸೆರಗು ತಿರುಚುತ್ತ, “ಅಕ್ಕ, ನಾನು ಕೇಳ್ಕೊಂಡಿದ್ದಲ್ಲ ಕಣಕ್ಕ” ಎಂದಳು.

“ಗೊತ್ತು. ಕೇಳಿಕೊಳ್ಳೋ ಧೈರ್ಯ ಎಲ್ಲಿದೆ ನಿನಗೆ?” ಎಂದಳು ಪ್ರೇಮಲೀಲಾ, ಕಪಾಟಿನ ಕಡೆ ತಿರುಗಿಕೊಂಡೇ.

ಎರಡು ಸಾವಿರದ ಒಂದನೇ ಇಸವಿಯ ಮಾರ್ಚಿನಲ್ಲಿ ಚಾಮುಂಡಮ್ಮ ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ. ಐದನೆಯ ದಿನ ನೂಲು ಒಯ್ಯಲು ಬಂದ ಬಿಂದುಮಾಧವನನ್ನು ಪ್ರೇಮಲೀಲಾ ವಿಚಾರಿಸಿದಳು, ಕುಶಲಕ್ಕಲ್ಲ, ಸೀರೆಗಳು ರಾಶಿ ಬಿದ್ದಿವೆ ಎಂಬ ಸಿಟ್ಟಿಗೆ.

“ಮೊಮ್ಮಗಳಿಗೆ ಅಮ್ಮ ಎದ್ದಿದೆಯಂತೆ. ಗಗನ ಅಂತ, ಆರು ವರ್ಷ. ಮೈತುಂಬ ಆಗಿದೆಯಂತೆ, ಪಾಪ. ಮಗು ಒಂದು ಕಣ್ಣನ್ನೇ ಬಿಡ್ತಿಲ್ಲವಂತೆ.”

“ಎಷ್ಟು ದಿನದಿಂದ?”

“ಮೂರು ದಿನ ಅಂದ್ರೋ ಏನೋ.”

ಪ್ರೇಮಲೀಲಾ ಕೈಯಲ್ಲಿದ್ದ ಲಡಿಯನ್ನು ಹಳದಿಯ ಬದಲು ಹಸಿರಿನ ಅರೆಯಲ್ಲಿಟ್ಟಳು. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು ಎರಡು ಬಸ್ಸು ಬದಲಾಯಿಸಿ ಹಿನಕಲ್ಲಿಗೆ ಹೋದಳು.

ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗೆ ಒಗ್ಗರಣೆಯ ವಾಸನೆ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಅವಳು ಯಾರನ್ನೂ ಕೇಳದೆ ನಡುಮನೆಗೆ ಹೋದಳು. ಮೂಲೆಯಲ್ಲಿ ಸೊಪ್ಪು ಹರಡಿದ ಚಾಪೆಯ ಮೇಲೆ ಮಗು ಗೋಡೆಗೆ ಮುಖ ಮಾಡಿ ಮುದುರಿಕೊಂಡಿತ್ತು, ಬಲಗಣ್ಣನ್ನು ಮುಷ್ಟಿಯಿಂದ ಒತ್ತಿಕೊಂಡಿತ್ತು.

“ಅಕ್ಕ, ಮುಟ್ಬೇಡಿ! ಹೊರಗಿಂದ ಬಂದಿದ್ದೀರಾ!” ಚಾಮುಂಡಮ್ಮ ಅಡುಗೆಮನೆಯಿಂದ ಓಡಿಬಂದಳು.

“ಕಿಟಕಿ ತೆಗಿ.”

ಕಿಟಕಿ ಅರ್ಧ ತೆರೆಯುತ್ತಲೂ ಮಗು ಕಿರುಚಿ ತಲೆ ಹುದುಗಿಸಿಕೊಂಡಿತು. ಪ್ರೇಮಲೀಲಾ ಪಕ್ಕದಲ್ಲಿ ಕೂತು ಆ ಪುಟ್ಟ ಮುಷ್ಟಿಯನ್ನು ಬಿಡಿಸಿದಳು. ರೆಪ್ಪೆಯ ಅಂಚಿನಲ್ಲೇ ಒಂದು ಗುಳ್ಳೆ, ಒಳಗೆ ಕೆಂಡದಂಥ ಕೆಂಪು.

“ಏಳು, ಕಣ್ಣಾಸ್ಪತ್ರೆಗೆ ಹೋಗೋಣ.”

“ಅದೆಂಗಾದದು? ಅಮ್ಮ ಮನೇಲವ್ಳೆ. ಹನ್ನೊಂದು ದಿನ ಆಗೋಗಂಟ ಹೊಸ್ಲು ದಾಟಿಸ್ಬಾರ್ದು. ಮುನಿಸ್ಕೊಂಡ್ಬುಟ್ರೆ ಮಗೀನ ಗತಿ ಏನು?”

“ನಿಮ್ಮಮ್ಮನಿಗೆ ಮುನಿಸಿಕೊಳ್ಳೋದು ಬಿಟ್ಟು ಬೇರೆ ಕೆಲಸ ಇಲ್ವಾ? ಆರು ವರ್ಷದ ಮಗು ಮೇಲೆ ಮುನಿಸಿಕೊಳ್ಳೋಳು ಎಂಥಾ ಅಮ್ಮನೇ ಅವಳು? ಬುದ್ಧಿ ಇಲ್ಲ, ಬುದ್ಧಿ ಇದ್ದೋರು ಹೇಳಿದ್ರೆ ಕೇಳೋ ಕಿವಿನೂ ಇಲ್ಲ.”

ಚಾಮುಂಡಮ್ಮ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಎದುರು ನೆಟ್ಟಗೆ ನಿಂತಳು.

“ಸಾಕು ನಿಲ್ಸಿ. ಹತ್ತೊಂಬತ್ತು ವರ್ಷದಿಂದ ಬೈಸ್ಕೊಂಡಿವ್ನಿ. ನಿಮ್ಮ ಬಾಯಿಂದ ಒಂದು ದಿನ ಒಂದು ಒಳ್ಳೆ ಮಾತು ಬಂದಿಲ್ಲ. ಅವತ್ತು ನಿಮ್ಮ ಹಣೆ ನೋಡಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂಗಾಗಿ ಹೇಳ್ದೆ, ಎಲ್ರ ಮುಂದೆ ನಗಿಸಿದ್ರಿ. ಕಣ್ಣು ಕಳ್ಕೊಂಡ್ರಿ. ಈಗ ನಮ್ಮನೆಗೆ ಬಂದು ನಮ್ಮಮ್ಮನ್ನ ಬೈತಿದ್ದೀರಲ್ಲ, ನಿಮ್ಮನ್ನ ಹೆಂಗೆ ನಂಬ್ಲಿ ನಾನು?”

ಪ್ರೇಮಲೀಲಾ ಎದ್ದಳು. ಕಿಟಕಿಯ ಬೆಳಕಿಗೆ ಮುಖ ಒಡ್ಡಿ, ಹೊಲಿದು ಉಳಿದ ಅರ್ಧ ರೆಪ್ಪೆಯನ್ನು ಬೆರಳಿನಿಂದ ಮೇಲಕ್ಕೆತ್ತಿದಳು. ಗಂಡನಿಗೂ ಅವಳು ಅದನ್ನು ಹಾಗೆ ತೋರಿಸಿರಲಿಲ್ಲ.

“ಹತ್ರ ಬಂದು ನೋಡು. ಇದನ್ನ ನಿನ್ನ ಹಾವು ಕಚ್ಚಲಿಲ್ಲ. ಡಾಕ್ಟರು ಬಿಡಿಸಿ ಹೇಳಿದ್ರು. ನಾನು ಅವರನ್ನ ಲೇವಡಿ ಮಾಡಿ, ಔಷಧಿ ಬಿಟ್ಟು, ನಿನ್ನ ಸ್ಟೂಲಿಂದ ಎಬ್ಬಿಸೋಕೆ ಓಡಿ ಬಂದೆ. ನನ್ನ ಕೊಬ್ಬು ತಿಂತು ಈ ಕಣ್ಣನ್ನ. ನಿನಗಿಂತ ದೊಡ್ಡ ಪೆದ್ದಿ ನಾನು, ಸರಿನಾ? ನನ್ನ ನಂಬಬೇಡ. ಈ ಬಿಳಿ ಬೊಟ್ಟನ್ನ ನಂಬು.”

ಮಗನ ಆಟೋ ಬಾಗಿಲಿಗೆ ಬಂದು ನಿಂತದ್ದು ಆಗಲೇ. ಊಟಕ್ಕೆಂದು ಬಂದ ದೇವರಾಜು ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದ, ಮಗಳನ್ನು ನೋಡಿದ. ಚಾಮುಂಡಮ್ಮ ಇನ್ನೂ ಆ ಕಣ್ಣನ್ನೇ ನೋಡುತ್ತಿದ್ದಳು. ಆಮೇಲೆ ದೇವರ ಗೂಡಿನ ಮುಂದೆ ಹೋಗಿ ಕೆನ್ನೆ ಬಡಿದುಕೊಂಡು, “ತಾಯಿ, ನೀನೂ ಜೊತೇಲಿ ಬಾ” ಎಂದು ಹೇಳಿ, ಮಗುವನ್ನು ಬಿಳಿ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡಳು.

“ಆಟೋ ತಿರುಗ್ಸೋ ದೇವ್ರಾಜು.”

ಸುಷ್ಮಾ ನೋಡಿದಳು. ಹೆಚ್ಚಿನ ಮಕ್ಕಳಿಗೆ ಸೀತಾಳೆ ಸಿಡುಬಿನಿಂದ ಕಣ್ಣಿಗೆ ಏನೂ ಆಗುವುದಿಲ್ಲ, ಅಪರೂಪಕ್ಕೆ ಹೀಗಾಗುತ್ತದೆ ಎಂದಳು. ಕಣ್ಣಿನ ಒಳಗೆ ಉರಿಯೂತವಾಗಿತ್ತು, ಪೊರೆಯ ಅಂಚಿನಲ್ಲಿ ಸಣ್ಣ ಗಾಯವಿತ್ತು. ಹನಿ ಬರೆದುಕೊಟ್ಟು, ಎರಡು ದಿನಕ್ಕೊಮ್ಮೆ ತೋರಿಸಬೇಕೆಂದಳು. ಬಾಗಿಲ ಬಳಿ ನಿಂತಿದ್ದ ಪ್ರೇಮಲೀಲಾಳನ್ನು ಕಂಡು, “ನೀವು ಕರೆತಂದಿರಾ?” ಎಂದು ಕೇಳಿದಳು.

“ಇವರಿಗೆ ದಾರಿ ಗೊತ್ತಿರಲಿಲ್ಲ” ಎಂದಳು ಪ್ರೇಮಲೀಲಾ.

ಹನಿ ಹಾಕುವುದರಲ್ಲಿ ಚಾಮುಂಡಮ್ಮನ ನಿಷ್ಠೆ ಅವಳ ಹರಕೆಗಳಷ್ಟೇ ಗಟ್ಟಿಯಾಗಿತ್ತು, ಒಂದು ಸಲವೂ ತಪ್ಪಿಸಲಿಲ್ಲ. ಏಪ್ರಿಲ್ ಮುಗಿಯುವಷ್ಟರಲ್ಲಿ ಗಗನಳ ಕಣ್ಣು ತಿಳಿಯಾಯಿತು. ಕಪ್ಪುಗುಡ್ಡೆಯ ಒಂದು ಮೂಲೆಯಲ್ಲಿ, ನೋಟಕ್ಕೆ ಅಡ್ಡಬಾರದ ಕಡೆ, ಎಳ್ಳಿನಷ್ಟು ಮಚ್ಚೆ ಉಳಿಯಿತು. ಅಮ್ಮನನ್ನು ಕಳಿಸಿಕೊಡುವ ತಂಪಿನ ಪೂಜೆಗೆ ಚಾಮುಂಡಮ್ಮ ಪ್ರೇಮಲೀಲಾಳನ್ನು ಕರೆದಳು. ಅವಳು ಹೋದಳು, ಎಲೆ ಮುಂದೆ ಕೂತಳು, ಮೊಸರನ್ನಕ್ಕೆ ಉಪ್ಪು ಸಾಲದು ಎಂದಳು, ಎರಡನೆಯ ಸಲ ಬಡಿಸಿಕೊಂಡಳು.

ಅವಳ ನಾಲಿಗೆ ಆಮೇಲೂ ಮೆತ್ತಗಾಗಲಿಲ್ಲ. ಆದರೆ ಅದಕ್ಕೊಂದು ಕೆಲಸ ಸಿಕ್ಕಿತು. ಮಿಲ್ಲಿನಲ್ಲಿ, ಬೀದಿಯಲ್ಲಿ, ಗಂಡನ ವಿದ್ಯಾರ್ಥಿನಿಲಯದಲ್ಲಿ ಯಾರ ಮುಖದ ಮೇಲೆ ಗುಳ್ಳೆ ಎದ್ದರೂ ಅವಳಿಗೆ ಸುದ್ದಿ ಹೋಗುತ್ತಿತ್ತು. ಅವಳು ಹೋಗಿ ಅರ್ಧ ಗಂಟೆ ಹೀನಾಯವಾಗಿ ಬೈದು, ಅವರು ಆಸ್ಪತ್ರೆಯ ಚೀಟಿ ತೋರಿಸುವವರೆಗೆ ದಿನವೂ ಹೋಗಿ ಬೈಯುತ್ತಿದ್ದಳು. ಕೆಲವರು ಅವಳ ಕಾಟ ತಾಳಲಾರದೆ ಆಸ್ಪತ್ರೆಗೆ ಹೋದರು. ಹೋಗಿ ಗುಣವಾಗಿ ಬಂದವರಲ್ಲಿ ಅರ್ಧ ಜನ ಅವಳ ಜೊತೆ ಮಾತು ಬಿಟ್ಟರು. ಅದಕ್ಕೆ ಅವಳೇನೂ ಚಿಂತಿಸಿದಂತೆ ಕಾಣಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಅವಳು ನಿವೃತ್ತಳಾದಳು. ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬಿಂದುಮಾಧವ ಮೈಕಿನ ಮುಂದೆ ನಿಂತು ಅವಳ ಮೃದು ಸ್ವಭಾವವನ್ನೂ ತಾಳ್ಮೆಯನ್ನೂ ಕೊಂಡಾಡಿದ. ಸಭೆಯಲ್ಲಿ ಕೆಮ್ಮು ಎದ್ದಿತು. ಆಮೇಲೆ ಚಾಮುಂಡಮ್ಮ ಎದ್ದು ನಿಂತಳು, ಯಾರೂ ಕರೆದಿರಲಿಲ್ಲ.

“ಸೂಪರ್‌ವೈಸರು ಸುಳ್ಳು ಹೇಳ್ತಾವ್ರೆ” ಎಂದಳು. “ಈ ಅಕ್ಕನಷ್ಟು ಕೆಟ್ಟ ಬಾಯಿ ಈ ಮಿಲ್ನಲ್ಲಿ ಇನ್ನೊಂದಿಲ್ಲ. ನನ್ನಷ್ಟು ಬೈಸ್ಕೊಂಡೋರೂ ಇನ್ನೊಬ್ರಿಲ್ಲ. ನನ್ನ ಮೊಮ್ಮಗಳು ಈಗ ಒಂಬತ್ತನೇ ಕ್ಲಾಸು. ಎಲ್ಡು ಕಣ್ಣಲ್ಲೂ ಓದ್ತಾಳೆ. ಅವತ್ತು ಈಯಮ್ಮ ನಮ್ಮನೆಗೆ ನುಗ್ಗಿ ಬೈದಿದ್ದಕ್ಕೆ. ಅಷ್ಟೇ ನಾನು ಹೇಳೋದು.”

ಎಲ್ಲರೂ ಪ್ರೇಮಲೀಲಾಳ ಕಡೆ ನೋಡಿದರು. ಅವಳು ಶಾಲಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಬಲಗಣ್ಣು ಒದ್ದೆಯಾಗಿತ್ತು.

“ಮೈಕಿನ ಹತ್ರ ಬಾಯಿಟ್ಟು ಮಾತಾಡಬೇಕು ಕಣೇ” ಎಂದಳು. “ಹಿಂದೆ ಕೂತವರಿಗೆ ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು.”

ಚಾಮುಂಡಮ್ಮ ಮೈಕಿನ ಹತ್ತಿರ ಹೋಗಿ ಇನ್ನೊಂದು ಸಲ ಹೇಳಿದಳು.